ಬೇಸಿಗೆಯ ಆರ್‌ವಿ ಪ್ರವಾಸಕ್ಕೆ ಅಮೆರಿಕದ ಯಾವ ಕರಾವಳಿ? ಹವೆ, ಹುಕ್‌ಅಪ್, ವಾಹನಗಳ ಹೋಲಿಕೆ

ಅಮೆರಿಕದಲ್ಲಿ ಬೇಸಿಗೆ ರಜೆಗೆ ಆರ್‌ವಿಯಲ್ಲಿ, ಅಂದರೆ ಮಲಗುವ, ಅಡುಗೆ ಮಾಡುವ ಅನುಕೂಲವಿರುವ ವಾಹನದಲ್ಲಿ, ಸಮುದ್ರದಂಚಿಗೆ ಹೋಗಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ವಾಹನವನ್ನು ನೋಡುತ್ತಾರೆ, ಆಮೇಲೆ ಚಿತ್ರಗಳಲ್ಲಿ ಚೆನ್ನಾಗಿ ಕಂಡ ಪಾರ್ಕೊಂದನ್ನು ಆರಿಸಿಕೊಳ್ಳುತ್ತಾರೆ, ಕೊನೆಗೆ ಅಲ್ಲಿ ಜಾಗ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಈ ಕ್ರಮವನ್ನು ಹಿಂದುಮುಂದು ಮಾಡಿಕೊಂಡರೆ ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ಹೋಗುವ ತಿಂಗಳಲ್ಲಿ ಆ ಕರಾವಳಿಯ ಹವೆ ಹೇಗಿರುತ್ತದೆ ಎಂಬುದರ ಮೇಲೆ ರಾತ್ರಿ ಏಸಿ ಬೇಕೋ ಬೇಡವೋ ಎಂಬುದು ನಿಂತಿದೆ. ಏಸಿ ಬೇಕೆಂದಾದರೆ ವಿದ್ಯುತ್ ಸಂಪರ್ಕವಿರುವ ಜಾಗವೇ ಆಗಬೇಕು. ಅಂಥ ಜಾಗಗಳು ಸಮುದ್ರದಂಚಿನ ಸರ್ಕಾರಿ ಪಾರ್ಕುಗಳಲ್ಲಿ ಎಲ್ಲೆಡೆ ಇಲ್ಲ. ಸಿಕ್ಕಿದ ಜಾಗ ಎಷ್ಟು ಉದ್ದವೋ ಅದಕ್ಕೆ ಹೊಂದುವ ವಾಹನವೇ ನಿಮ್ಮ ವಾಹನ. ಮೊದಲು ದೊಡ್ಡ ಮೋಟರ್‌ಹೋಮ್ ಗೊತ್ತುಮಾಡಿ, ನಂತರ ಅದು ಹಿಡಿಸುವ ಪಾರ್ಕನ್ನು ಜುಲೈ ತಿಂಗಳಿಗೆ ಹುಡುಕುವುದು ತೀರಾ ಕಷ್ಟದ ಕೆಲಸ.

ವಿದ್ಯುತ್ತು ಮತ್ತು ನೀರಿನ ಲೆಕ್ಕ

ಪಾರ್ಕುಗಳನ್ನು ಹೋಲಿಸುವ ಮೊದಲು ಹುಕ್‌ಅಪ್ ಎಂದರೆ ಏನೇನು ಸಿಗುತ್ತದೆ ಎಂಬುದು ಸ್ಪಷ್ಟವಿರಬೇಕು. ಫುಲ್ ಹುಕ್‌ಅಪ್ ಜಾಗದಲ್ಲಿ ವಿದ್ಯುತ್ತು, ನೀರು, ಕೊಳಚೆ ಕೊಳವೆ ಮೂರೂ ಇರುತ್ತವೆ. ಕೆಲವೆಡೆ ಮೊದಲೆರಡು ಮಾತ್ರ. ಹಲವೆಡೆ ಯಾವುದೂ ಇಲ್ಲದೆ ಬರೀ ನಿಲ್ಲಿಸುವ ಜಾಗ. ವಿದ್ಯುತ್ತಿನಲ್ಲಿ 30 ಆಂಪ್ ಮತ್ತು 50 ಆಂಪ್ ಎಂಬ ಎರಡು ಬಗೆ ಸಾಮಾನ್ಯ. 120 ವೋಲ್ಟಿನ 30 ಆಂಪ್ ಸಂಪರ್ಕದಿಂದ 3,600 ವ್ಯಾಟ್ ಸಿಗುತ್ತದೆ. ಚಾವಣಿಯ ಏಸಿಯೊಂದಕ್ಕೇ ಸುಮಾರು 1,500 ವ್ಯಾಟ್ ಬೇಕು, ಮೈಕ್ರೋವೇವ್ ಕೂಡ ಹೆಚ್ಚುಕಡಿಮೆ ಅಷ್ಟನ್ನೇ ಎಳೆಯುತ್ತದೆ. ಎರಡೂ ನಡೆಯುತ್ತಿರುವಾಗ ಯಾರಾದರೂ ಕೂದಲು ಒಣಗಿಸುವ ಯಂತ್ರ ಹಾಕಿದರೆ ಬ್ರೇಕರ್ ಬೀಳುತ್ತದೆ. 50 ಆಂಪಿನದು ತಲಾ 120 ವೋಲ್ಟಿನ ಎರಡು ಸಾಲುಗಳ ಸಂಪರ್ಕವಾದ್ದರಿಂದ ಅದರಿಂದ 12,000 ವ್ಯಾಟ್‌ವರೆಗೆ ಪಡೆಯಬಹುದು. ಎರಡು ಏಸಿಗಳಿರುವ ದೊಡ್ಡ ವಾಹನಗಳಿಗೆ ಮಾತ್ರ ಇದರ ಅಗತ್ಯ.

ಸಂಪರ್ಕವೇ ಇಲ್ಲದ ಜಾಗದಲ್ಲಿ ದೀಪ, ಪಂಪು, ಫೋನ್ ಚಾರ್ಜಿಂಗ್ ಎಲ್ಲ ಬ್ಯಾಟರಿಯಿಂದ ನಡೆಯುತ್ತವೆ, ಒಲೆ ಪ್ರೋಪೇನ್ ಅನಿಲದಿಂದ ಉರಿಯುತ್ತದೆ, ಅನೇಕ ವಾಹನಗಳಲ್ಲಿ ಫ್ರಿಜ್ಜೂ ಪ್ರೋಪೇನಿನಲ್ಲಿ ಓಡುತ್ತದೆ. ಏಸಿಗೆ ಮಾತ್ರ ಜನರೇಟರ್ ಬೇಕು, ಅದನ್ನು ರಾತ್ರಿ ಓಡಿಸುವಂತಿಲ್ಲ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಜನರೇಟರಿಗೆ ಅನುಮತಿಯಿರುವುದು ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ. ಆದ್ದರಿಂದ ‘ಜನರೇಟರ್ ಇದೆಯಲ್ಲ, ಹುಕ್‌ಅಪ್ ಯಾಕೆ’ ಎಂಬ ಸಮಾಧಾನ ಸೆಕೆಯ ಕರಾವಳಿಯಲ್ಲಿ ನಡೆಯುವುದಿಲ್ಲ.

ನೀರಿನ ಲೆಕ್ಕವನ್ನು ಜನ ಇನ್ನೂ ಕಡಿಮೆ ಮಾಡುತ್ತಾರೆ. ಬಾಡಿಗೆ ವಾಹನದ ತಾಜಾ ನೀರಿನ ಟ್ಯಾಂಕು 40 ಗ್ಯಾಲನ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 2 ಗ್ಯಾಲನ್ ಸುರಿಯುವ ಶವರ್‌ನಲ್ಲಿ ಮೂರು ನಿಮಿಷ ಮಿಂದರೆ 6 ಗ್ಯಾಲನ್, ನಾಲ್ವರು ಮಿಂದರೆ 24. ಅಡುಗೆ, ಪಾತ್ರೆ, ಶೌಚವನ್ನು ಇದಕ್ಕೆ ಸೇರಿಸಿದರೆ ಎರಡನೆಯ ದಿನವೇ ಟ್ಯಾಂಕು ಬರಿದಾಗುತ್ತದೆ, ಜೊತೆಗೆ ಬಳಸಿದ ನೀರಿನ ಗ್ರೇ ಟ್ಯಾಂಕು ತುಂಬಿರುತ್ತದೆ. ಉಪ್ಪುನೀರಿನಲ್ಲಿ ಆಡಿ ಮರಳು ಮೆತ್ತಿಕೊಂಡು ಬರುವ ಮಕ್ಕಳಿಗೆ ದಿನಕ್ಕೆ ಎರಡು ಸ್ನಾನ ಬೇಕಾಗುವುದೂ ಉಂಟು. ಹೀಗಾಗಿ ಹುಕ್‌ಅಪ್ ಇಲ್ಲದ ಪಾರ್ಕನ್ನು ಆರಿಸುವಾಗ ಅಲ್ಲಿ ಸ್ನಾನದ ಮನೆ ಇದೆಯೇ, ಬಿಸಿನೀರು ಬರುತ್ತದೆಯೇ, ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್ ಒಳಗೇ ಇದೆಯೇ ಎಂಬ ಮೂರನ್ನು ನೋಡಿಕೊಳ್ಳಬೇಕು. ನೋಟದ ಸೊಬಗು ಇವುಗಳ ನಂತರದ ಮಾತು.

ಒರೆಗಾನ್: ಚಳಿಯ ಸಮುದ್ರ, ಅನುಕೂಲದ ಪಾರ್ಕು

ಮೊದಲ ಬಾರಿಗೆ ಆರ್‌ವಿ ಹತ್ತುವ ಕುಟುಂಬ, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೋಗುವವರು, ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನನ್ನ ಉತ್ತರ ಒರೆಗಾನ್. ಇಲ್ಲಿ ಜುಲೈ ತಿಂಗಳ ಹಗಲಿನ ಉಷ್ಣಾಂಶ ಸುಮಾರು 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಏಸಿಯ ಪ್ರಶ್ನೆಯೇ ಏಳುವುದಿಲ್ಲ, ಬದಲಿಗೆ ರಾತ್ರಿ ಹೀಟರ್ ಹಾಕಬೇಕಾಗುತ್ತದೆ. ಕಾರಣ ಸಮುದ್ರದಲ್ಲೇ ಇದೆ. ಬೇಸಿಗೆಯಲ್ಲಿ ವಾಯವ್ಯ ದಿಕ್ಕಿನಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ದೂಡುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ, ಅದರ ಮೇಲೆ ಹಾಯುವ ತೇವದ ಗಾಳಿ ಮಂಜಾಗುತ್ತದೆ. ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್‌ನಷ್ಟೇ ಇರುವುದರಿಂದ ಈಜುವ ಆಸೆಯಿಂದ ಇಲ್ಲಿಗೆ ಬರಬಾರದು. ಬೆನ್ನು ತಿರುಗಿಸಿ ನಿಂತವರನ್ನು ಎಳೆದುಕೊಂಡು ಹೋಗುವ ಸ್ನೀಕರ್ ವೇವ್ ಎಂಬ ದಿಢೀರ್ ಅಲೆಗಳ ಎಚ್ಚರಿಕೆಯನ್ನೂ ಲಘುವಾಗಿ ತೆಗೆದುಕೊಳ್ಳಬಾರದು.

ಈ ಚಳಿಯನ್ನು ಒಪ್ಪಿಕೊಂಡವರಿಗೆ ಉಳಿದದ್ದೆಲ್ಲ ಲಾಭ. 1967ರ ಕಾನೂನಿನ ಪ್ರಕಾರ ಒರೆಗಾನಿನ ಮರಳ ದಡವೆಲ್ಲ ಸಾರ್ವಜನಿಕರಿಗೆ ಮುಕ್ತ. ಕರಾವಳಿಯುದ್ದಕ್ಕೂ ಹೈವೇ 101ರ ಪಕ್ಕದಲ್ಲಿ ಸ್ಟೇಟ್ ಪಾರ್ಕುಗಳು ಸಾಲಾಗಿ ಸಿಗುತ್ತವೆ, ಅವುಗಳಲ್ಲಿ ಹಲವಕ್ಕೆ ಹುಕ್‌ಅಪ್ ಇದೆ, ಬಿಸಿನೀರಿನ ಶವರ್ ಇದೆ, ಗಾಳಿಗೆ ಮರೆಯಾಗಿ ಮರಗಳಿವೆ. ಉತ್ತರದ ತುದಿಯಲ್ಲಿ ಆಸ್ಟೋರಿಯಾ ಬಳಿಯ ಫೋರ್ಟ್ ಸ್ಟೀವನ್ಸ್ ದೇಶದ ದೊಡ್ಡ ಕ್ಯಾಂಪ್‌ಗ್ರೌಂಡುಗಳಲ್ಲಿ ಒಂದು. ಫುಲ್ ಹುಕ್‌ಅಪ್ ಜಾಗಗಳು ಇಲ್ಲಿ ಬೇಕಾದಷ್ಟಿವೆ, ದಡದಲ್ಲಿ 1906ರಲ್ಲಿ ಮರಳಿಗೆ ಹತ್ತಿ ನಿಂತ ಪೀಟರ್ ಐರಡೇಲ್ ಹಡಗಿನ ಕಬ್ಬಿಣದ ಪಳೆಯುಳಿಕೆಯಿದೆ, 1942ರ ಜೂನ್ 21ರ ರಾತ್ರಿ ಜಪಾನಿನ ಜಲಾಂತರ್ಗಾಮಿ ಶೆಲ್ ಹಾರಿಸಿದ ಕೋಟೆಯ ಅವಶೇಷಗಳಿವೆ. ಸಮುದ್ರ ಮಂಜಿನಿಂದ ಮುಚ್ಚಿದ ದಿನ ಮಕ್ಕಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಇವೆಲ್ಲ ಉತ್ತರ.

ಫ್ಲಾರೆನ್ಸ್ ಊರಿನ ದಕ್ಷಿಣಕ್ಕಿರುವ ಜೆಸ್ಸಿ ಹನಿಮನ್ ಪಾರ್ಕಿನ ಬಲ ಬೇರೆ ಬಗೆಯದು. ಇಲ್ಲಿ ಮರಳ ದಿಬ್ಬಗಳ ನಡುವೆ ಎರಡು ಸಿಹಿನೀರಿನ ಕೆರೆಗಳಿವೆ. ಸಮುದ್ರಕ್ಕಿಂತ ಬೆಚ್ಚಗಿರುವ ಅವುಗಳಲ್ಲಿ ಮಕ್ಕಳು ನಿಜಕ್ಕೂ ನೀರಾಡಬಹುದು. ಕ್ಯಾಂಪ್‌ಗ್ರೌಂಡಿನಿಂದ ನೇರವಾಗಿ ದಿಬ್ಬಗಳಿಗೆ ಮೋಟಾರು ವಾಹನ ಓಡಿಸಲು ಅನುಮತಿಯಿರುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ, ಹೀಗಾಗಿ ಬೇಸಿಗೆಯಲ್ಲಿ ಆ ಸದ್ದೂ ಇಲ್ಲ. ಕಡಲದಡ ಮಾತ್ರ ಪಾರ್ಕಿಗೆ ಅಂಟಿಕೊಂಡಿಲ್ಲ, ದಿಬ್ಬಗಳನ್ನು ದಾಟಬೇಕು. ದಕ್ಷಿಣದ ತುದಿಯ ಬ್ರೂಕಿಂಗ್ಸ್ ಬಳಿಯ ಹ್ಯಾರಿಸ್ ಬೀಚ್ ಉಳಿದ ಕರಾವಳಿಗಿಂತ ತುಸು ಬೆಚ್ಚಗಿದ್ದು, ನೋಟದಲ್ಲಿ ಇವೆರಡನ್ನೂ ಮೀರಿಸುತ್ತದೆ, ಆದರೆ ದೊಡ್ಡ ವಿಮಾನ ನಿಲ್ದಾಣಗಳಿಂದ ದೂರ. ಹೊರರಾಜ್ಯದವರು ಆರ್‌ವಿ ಜಾಗಕ್ಕೆ ಒರೆಗಾನಿನಲ್ಲಿ ಶೇ. 25 ಹೆಚ್ಚು ತೆರಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಬಜೆಟ್ ಹಾಕುವಾಗ ಇದು ನೆನಪಿರಲಿ.

ದಕ್ಷಿಣ ಕ್ಯಾಲಿಫೋರ್ನಿಯಾ: ಹವೆಗೆ ಪೂರ್ಣಾಂಕ, ಏಕಾಂತಕ್ಕೆ ಸೊನ್ನೆ

ಹವೆಯೊಂದನ್ನೇ ನೋಡುವುದಾದರೆ ದಕ್ಷಿಣ ಕ್ಯಾಲಿಫೋರ್ನಿಯಾವನ್ನು ಸೋಲಿಸುವುದು ಕಷ್ಟ. ಬೇಸಿಗೆಯ ನೀರು 65ರಿಂದ 70 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ ತಂಪು, ಮಳೆಯ ಮಾತಿಲ್ಲ, ಸೊಳ್ಳೆ ಕಡಿಮೆ. ಆದರೆ ಜೂನ್ ತಿಂಗಳಲ್ಲಿ ದಿನದ ಅರ್ಧ ಭಾಗ ಬೂದು ಮೋಡ ಕವಿದಿರುವುದು ವಾಡಿಕೆ, ಅದಕ್ಕೆ ಅಲ್ಲಿಯವರು ‘ಜೂನ್ ಗ್ಲೂಮ್’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಬಿಸಿಲು ಬೇಕಾದವರು ಆಗಸ್ಟನ್ನೋ, ಶಾಲೆಯ ಅಡ್ಡಿಯಿಲ್ಲದವರು ಸೆಪ್ಟೆಂಬರನ್ನೋ ಆರಿಸುವುದು ಮೇಲು.

ಹಂಟಿಂಗ್ಟನ್ ಬೀಚಿನ ಬೋಲ್ಸಾ ಚಿಕಾ ಸ್ಟೇಟ್ ಬೀಚ್ ಆರ್‌ವಿಗಳಿಗೆಂದೇ ಇರುವ ಕ್ಯಾಂಪ್‌ಗ್ರೌಂಡ್. ನೀರು, ವಿದ್ಯುತ್ತು ಎರಡೂ ಇವೆ, ಮರಳಿಗೆ ನಾಲ್ಕು ಹೆಜ್ಜೆ. ಅದನ್ನು ಕಾಡಿನ ನಡುವಿನ ಬಿಡಾರ ಎಂದುಕೊಂಡು ಹೋದವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಅದು ಡಾಂಬರು ಹಾಕಿದ ಅಂಗಳ, ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಸಮುದ್ರ, ನೆರಳಿಲ್ಲ, ಪಕ್ಕದವರ ಕಿಟಕಿ ನಿಮ್ಮ ಕಿಟಕಿಗೆ ಎದುರು. ಸ್ಯಾನ್ ಕ್ಲೆಮೆಂಟೆ ಮತ್ತು ಕಾರ್ಪಿಂಟೀರಿಯಾ ಸ್ಟೇಟ್ ಬೀಚುಗಳಲ್ಲಿ ಕೆಲವು ಜಾಗಗಳಿಗೆ ಮಾತ್ರ ಹುಕ್‌ಅಪ್ ಇದೆ, ಆದರೆ ವಾತಾವರಣ ಇದಕ್ಕಿಂತ ಎಷ್ಟೋ ಮೇಲು. ಚಿಕ್ಕ ಮಕ್ಕಳಿರುವವರಿಗೆ ಈ ಮೂರರಲ್ಲಿ ಕಾರ್ಪಿಂಟೀರಿಯಾವನ್ನೇ ನಾನು ಮುಂದಿಡುತ್ತೇನೆ: ಅಲೆ ಮೆತ್ತಗಿರುತ್ತದೆ, ಊರಿನ ಅಂಗಡಿಗಳಿಗೆ ನಡೆದೇ ಹೋಗಬಹುದು, ಹಾಲು ತರಲು ವಾಹನದ ಕೊಳವೆಗಳನ್ನೆಲ್ಲ ಬಿಚ್ಚಬೇಕಿಲ್ಲ.

ಕ್ಯಾಲಿಫೋರ್ನಿಯಾ ಕರಾವಳಿಯ ಮಧ್ಯಭಾಗದ ಬಿಗ್ ಸರ್ ಅನ್ನು ಇದರೊಂದಿಗೆ ಸೇರಿಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಫೈಫರ್ ಬಿಗ್ ಸರ್ ಪಾರ್ಕಿನಲ್ಲಿ ಮೋಟರ್‌ಹೋಮಿಗೆ 32 ಅಡಿ, ಬೇರೆ ವಾಹನ ಎಳೆದುಕೊಂಡು ಹೋಗುವ ಟ್ರೇಲರಿಗೆ 27 ಅಡಿ ಮಿತಿಯಿದೆ, ಹುಕ್‌ಅಪ್ ಇಲ್ಲ, ಬಿಡಾರ ಕೆಂಪು ಮರಗಳ ನಡುವೆಯೇ ಹೊರತು ಸಮುದ್ರದ ಮುಂದೆ ಅಲ್ಲ. ಅಲ್ಲಿಗೆ ಹೋಗುವ ಹೈವೇ 1 ಭೂಕುಸಿತದಿಂದ ತಿಂಗಳುಗಟ್ಟಲೆ ಮುಚ್ಚುವುದೂ ಉಂಟು; 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಗುಡ್ಡ ಜಾರಿದಾಗ ರಸ್ತೆ ಮತ್ತೆ ತೆರೆದದ್ದು 2018ರ ಜುಲೈನಲ್ಲಿ. ಕಿರಿದಾದ ತಿರುವುಗಳ ಆ ದಾರಿಯನ್ನು ಮೊದಲ ಸಲ ಆರ್‌ವಿ ಓಡಿಸುವವರು ಕಾರಿಗೆ ಬಿಟ್ಟುಕೊಡುವುದು ಒಳಿತು.

ಪೂರ್ವ ಕರಾವಳಿ: ಬೆಚ್ಚಗಿನ ನೀರು, ಅದರ ಬೆಲೆ

ಮಕ್ಕಳು ಸಮುದ್ರದಲ್ಲೇ ಇಳಿದು ಆಡಬೇಕು ಎಂಬುದು ಪ್ರವಾಸದ ಮುಖ್ಯ ಉದ್ದೇಶವಾದರೆ ಅಟ್ಲಾಂಟಿಕ್ ಕಡೆಗೆ ಬರಬೇಕು. ಮೇರಿಲ್ಯಾಂಡಿನ ಅಸಟೀಗ್ ದ್ವೀಪದಲ್ಲಿ ಒಂದರ ಪಕ್ಕ ಒಂದು ಎರಡು ಪಾರ್ಕುಗಳಿವೆ, ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಕಾಯ್ದಿರಿಸಿ ಪೇಚಾಡುವವರು ಹಲವರು. ಅಸಟೀಗ್ ನ್ಯಾಷನಲ್ ಸೀಶೋರ್ ಕೇಂದ್ರ ಸರ್ಕಾರದ್ದು. ಅಲ್ಲಿ ಹುಕ್‌ಅಪ್ ಇಲ್ಲ, ಶವರ್‌ನಲ್ಲಿ ಬರುವುದು ತಣ್ಣೀರು. ಅಸಟೀಗ್ ಸ್ಟೇಟ್ ಪಾರ್ಕ್ ರಾಜ್ಯದ್ದು; ಅಲ್ಲಿ ಕೆಲವು ಜಾಗಗಳಿಗೆ ವಿದ್ಯುತ್ತಿದೆ, ಸ್ನಾನದ ಮನೆಯಲ್ಲಿ ಬಿಸಿನೀರಿದೆ. ಜುಲೈನಲ್ಲಿ ಹಗಲು 85 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ರಾತ್ರಿಯೂ ಜಿಗುಟು ಸೆಕೆ. ಗಾಳಿ ನಿಂತರೆ ಕಚ್ಚುವ ನೊಣ ಮತ್ತು ಸೊಳ್ಳೆಗಳಿಗೆ ಹೆದರಿ ಕಿಟಕಿ ಬಾಗಿಲು ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡರೆ ಏಸಿಯಿಲ್ಲದೆ ಒಳಗೆ ಇರಲಾಗದು. ಆದ್ದರಿಂದ ಬೇಸಿಗೆಗೆ ನನ್ನ ಮಟ್ಟಿಗೆ ಸ್ಟೇಟ್ ಪಾರ್ಕಿನ ವಿದ್ಯುತ್ ಜಾಗವೊಂದೇ ಆಯ್ಕೆ. ನ್ಯಾಷನಲ್ ಸೀಶೋರ್ ಅಕ್ಟೋಬರಿಗೆ ಚೆನ್ನ.

ಎರಡೂ ಕಡೆ ಕಾಡುಕುದುರೆಗಳು ಬಿಡಾರದ ನಡುವೆಯೇ ಓಡಾಡುತ್ತವೆ. ಅವುಗಳಿಂದ ಕನಿಷ್ಠ 40 ಅಡಿ ದೂರವಿರಬೇಕೆಂಬುದು ನಿಯಮ. ಮೇಜಿನ ಮೇಲೆ ತಿಂಡಿ ಬಿಟ್ಟು ಹೋದರೆ ಈ ನಿಯಮವನ್ನು ಪಾಲಿಸುವ ಹೊಣೆ ಕುದುರೆಗೆ ಇರುವುದಿಲ್ಲ.

ನಾರ್ತ್ ಕ್ಯಾರೊಲೈನಾದ ಕೇಪ್ ಹ್ಯಾಟರಸ್ ನ್ಯಾಷನಲ್ ಸೀಶೋರ್‌ನಲ್ಲಿ ಒರೆಗಾನ್ ಇನ್ಲೆಟ್, ಕೇಪ್ ಪಾಯಿಂಟ್, ಫ್ರಿಸ್ಕೋ, ಓಕ್ರಕೋಕ್ ಎಂಬ ನಾಲ್ಕು ಕ್ಯಾಂಪ್‌ಗ್ರೌಂಡುಗಳಿವೆ. ಇವುಗಳಲ್ಲಿ ವಿದ್ಯುತ್ ಸಂಪರ್ಕಕ್ಕೆಂದು ನೋಡಬೇಕಾದದ್ದು ಒರೆಗಾನ್ ಇನ್ಲೆಟ್ಟನ್ನು, ಅಲ್ಲೂ ಕೆಲವು ಜಾಗಗಳಿಗೆ ಮಾತ್ರ. ಹೆಸರಿನಲ್ಲಿ ಒರೆಗಾನ್ ಇದ್ದರೂ ಇದು ಅಟ್ಲಾಂಟಿಕ್ ಬದಿಯದು, ಹುಡುಕುವಾಗ ಗೊಂದಲ ಬೇಡ. ನೀರು ಅಸಟೀಗಿಗಿಂತ ಬೆಚ್ಚಗೆ, ಅಲೆಯೂ ಜೋರು, ದಡದಿಂದ ಸಮುದ್ರದೊಳಕ್ಕೆ ಎಳೆಯುವ ರಿಪ್ ಕರೆಂಟ್ ಸೆಳೆತಕ್ಕೆ ಈ ಕರಾವಳಿ ಕುಖ್ಯಾತ. ಓಕ್ರಕೋಕ್‌ಗೆ ಫೆರ್ರಿಯಲ್ಲೇ ಹೋಗಬೇಕು. ಸಮುದ್ರ ದಡವನ್ನು ತಿನ್ನುತ್ತಾ ಬಂದದ್ದರಿಂದ 1999ರಲ್ಲಿ ಹ್ಯಾಟರಸ್ ದೀಪಸ್ತಂಭವನ್ನೇ 2,900 ಅಡಿ ಒಳಕ್ಕೆ ಸರಿಸಬೇಕಾಯಿತು; ಇದ್ದೊಂದು ಹೆದ್ದಾರಿ ಎನ್‌ಸಿ 12 ಬಿರುಗಾಳಿಯಲ್ಲಿ ಮರಳು, ನೀರಿನಿಂದ ಮುಚ್ಚಿಹೋಗುತ್ತದೆ. ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ, ಅದರಲ್ಲಿ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಉಗ್ರ. ಹ್ಯಾಟರಸ್‌ಗೆ ಹೋಗುವುದಾದರೆ ಶಾಲೆ ಮುಗಿದ ಕೂಡಲೇ ಜೂನ್‌ನಲ್ಲಿ ಹೋಗುವುದು, ವಾಹನ ಮತ್ತು ಜಾಗ ಎರಡರ ರದ್ದತಿ ನಿಯಮವನ್ನು ಮೊದಲೇ ಓದಿಕೊಳ್ಳುವುದು ಸರಿಯಾದ ದಾರಿ.

ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕ್ ಪೂರ್ವದಲ್ಲಿದ್ದರೂ ಸ್ವಭಾವದಲ್ಲಿ ಒರೆಗಾನಿಗೆ ಹತ್ತಿರ: ಬಂಡೆಯ ದಡ, ತಣ್ಣೀರು, ತಂಪು ರಾತ್ರಿ. ಏಸಿ ಬೇಡವಾದ್ದರಿಂದ ಹುಕ್‌ಅಪ್ ಇಲ್ಲದ ಬ್ಲ್ಯಾಕ್‌ವುಡ್ಸ್ ಕ್ಯಾಂಪ್‌ಗ್ರೌಂಡೇ ಸಾಕು. ವಿದ್ಯುತ್ತು, ನೀರು ಎರಡೂ ಬೇಕೆಂದರೆ ಸ್ಕೂಡಿಕ್ ವುಡ್ಸ್ ಇದೆ, ಆದರೆ ಅದು ಪಾರ್ಕಿನ ಪಕ್ಕದ ಊರಾದ ಬಾರ್ ಹಾರ್ಬರಿನಿಂದ ಒಂದು ಗಂಟೆಗೂ ಹೆಚ್ಚು ದೂರದ ಬೇರೆ ಪರ್ಯಾಯ ದ್ವೀಪದಲ್ಲಿದೆ. ಅಕೇಡಿಯಾದಲ್ಲಿ ತೊಂದರೆ ಕೊಡುವುದು ವಾಹನದ ಉದ್ದಕ್ಕಿಂತ ಎತ್ತರ. ಸ್ಟ್ಯಾನ್ಲಿ ಬ್ರೂಕ್ ರಸ್ತೆಯ ಕಲ್ಲಿನ ಸೇತುವೆಯಡಿ ಇರುವ ಅಂತರ 10 ಅಡಿ 4 ಅಂಗುಲ ಮಾತ್ರ, ಚಾವಣಿಯ ಮೇಲೆ ಏಸಿ ಹೊತ್ತ ಬಾಡಿಗೆ ಮೋಟರ್‌ಹೋಮ್ ಸಾಮಾನ್ಯವಾಗಿ ಅದಕ್ಕಿಂತ ಎತ್ತರ. ಕ್ಯಾಡಿಲಾಕ್ ಬೆಟ್ಟದ ರಸ್ತೆಗೆ ಆರ್‌ವಿಗಳಿಗೆ ಪ್ರವೇಶವೇ ಇಲ್ಲ. ಬ್ಲ್ಯಾಕ್‌ವುಡ್ಸ್‌ನಲ್ಲಿ ವಾಹನ ನಿಲ್ಲಿಸಿ ಐಲ್ಯಾಂಡ್ ಎಕ್ಸ್‌ಪ್ಲೋರರ್ ಎಂಬ ಉಚಿತ ಬಸ್ಸಿನಲ್ಲಿ ತಿರುಗಾಡುವುದಾದರೆ ಮಾತ್ರ ಆರ್‌ವಿಯಲ್ಲಿ ಅಕೇಡಿಯಾಕ್ಕೆ ಹೋಗುವುದು ಸುಖ. ಹೊರರಾಜ್ಯದ ಸೌದೆಯನ್ನು ಮೇನ್‌ಗೆ ತರುವುದಕ್ಕೆ ನಿಷೇಧವಿದೆ, ಮರ ಕೊಲ್ಲುವ ಕೀಟಗಳು ಸೌದೆಯ ಜೊತೆ ಬರುತ್ತವೆ ಎಂಬ ಕಾರಣಕ್ಕೆ. ಉಳಿದೆಡೆಯೂ ಸೌದೆಯನ್ನು ಅಲ್ಲಲ್ಲೇ ಕೊಳ್ಳುವುದು ಒಳ್ಳೆಯ ರೂಢಿ.

ಪೂರ್ವ ಕರಾವಳಿಯದಲ್ಲದಿದ್ದರೂ ಗಲ್ಫ್ ಕರಾವಳಿಯ ಟೆಕ್ಸಸ್ಸಿನ ಪ್ಯಾಡ್ರೆ ಐಲ್ಯಾಂಡ್ ನ್ಯಾಷನಲ್ ಸೀಶೋರ್ ಬಗ್ಗೆಯೂ ಒಂದು ಮಾತು. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ, ಹುಕ್‌ಅಪ್ ಇಲ್ಲ, ಬೇಸಿಗೆಯ ಬಿಸಿಲು ಕಡು. ಕಡಲಾಮೆಯ ಮರಿಗಳನ್ನು ಸಮುದ್ರಕ್ಕೆ ಬಿಡುವುದನ್ನು ನೋಡಲೆಂದೇ ಹೋಗುವವರು ಹತ್ತಿರದ ಊರಿನಲ್ಲಿ ವಿದ್ಯುತ್ತಿರುವ ಖಾಸಗಿ ಆರ್‌ವಿ ಪಾರ್ಕಿನಲ್ಲಿ ತಂಗಿ, ಬೆಳಗಿನ ಜಾವಕ್ಕೆ ಹೋಗಿ ಬರಲಿ.

ಕಾಯ್ದಿರಿಸುವ ದಿನ

ಕ್ಯಾಲಿಫೋರ್ನಿಯಾ, ಒರೆಗಾನ್ ಎರಡೂ ಸ್ಟೇಟ್ ಪಾರ್ಕುಗಳ ಜಾಗವನ್ನು ಆರು ತಿಂಗಳು ಮುಂಚೆ ಬಿಡುಗಡೆ ಮಾಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅದು ಪೆಸಿಫಿಕ್ ಸಮಯ ಬೆಳಗ್ಗೆ 8ಕ್ಕೆ; ಜುಲೈ 10ಕ್ಕೆ ತಲುಪುವವರು ಜನವರಿ 10ರ ಬೆಳಗ್ಗೆ ಕಂಪ್ಯೂಟರಿನ ಮುಂದಿರಬೇಕು. ಮೇರಿಲ್ಯಾಂಡಿನ ಸ್ಟೇಟ್ ಪಾರ್ಕುಗಳು ಒಂದು ವರ್ಷ ಮುಂಚೆಯೇ ತೆರೆದುಕೊಳ್ಳುತ್ತವೆ, ಆದ್ದರಿಂದ ಅಸಟೀಗ್‌ನ ವಿದ್ಯುತ್ ಜಾಗ ಬೇಕೆಂದರೆ ಹಿಂದಿನ ಬೇಸಿಗೆಯಲ್ಲೇ ಯೋಚಿಸಬೇಕು. ಜುಲೈ 4ರ ವಾರವನ್ನು ಬಿಟ್ಟು, ಭಾನುವಾರದಿಂದ ಗುರುವಾರದವರೆಗೆ ತಂಗುವಂತೆ ದಿನಗಳನ್ನು ಇಟ್ಟುಕೊಂಡರೆ ಸಿಗುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ. ತಪ್ಪಿಹೋದವರು ನಿರಾಶರಾಗಬೇಕಿಲ್ಲ, ಪ್ರವಾಸ ಹತ್ತಿರವಾದಂತೆ ಜನ ರದ್ದು ಮಾಡುತ್ತಲೇ ಇರುತ್ತಾರೆ, ದಿನವೂ ಒಮ್ಮೆ ಇಣುಕುವವರಿಗೆ ಅವು ಸಿಗುತ್ತವೆ.

ಕೊನೆಗೆ ವಾಹನ

ಜಾಗ ಕೈಗೆ ಬಂದ ಮೇಲೆ ಅದರ ವಿವರದಲ್ಲಿ ಬರೆದಿರುವ ಗರಿಷ್ಠ ಉದ್ದವನ್ನು ನೋಡಿ. ಟ್ರೇಲರ್ ಎಳೆಯುವುದಾದರೆ 30 ಅಡಿಯ ಟ್ರೇಲರಿಗೆ ಸುಮಾರು 20 ಅಡಿಯ ಪಿಕಪ್ ಸೇರಿ 50 ಅಡಿಯಾಗುತ್ತದೆ ಎಂಬುದನ್ನು ಮರೆಯಬಾರದು. ಟ್ರೇಲರಿನ ಲಾಭವೆಂದರೆ ಅದನ್ನು ಕಳಚಿಟ್ಟು ಪಿಕಪ್ಪಿನಲ್ಲಿ ಎಲ್ಲಿಗಾದರೂ ಹೋಗಬಹುದು; ನಷ್ಟವೆಂದರೆ ಹಿಂದಕ್ಕೆ ತೆಗೆಯುವ ವಿದ್ಯೆ ಬೇಕು, ಅದು ಅಭ್ಯಾಸವಿಲ್ಲದವರಿಗೆ ಕತ್ತಲಲ್ಲಿ, ಮರಗಳ ನಡುವೆ, ಹತ್ತು ಜನ ನೋಡುತ್ತಿರುವಾಗ ಬರುವ ವಿದ್ಯೆಯಲ್ಲ. ಮೊದಲ ಪ್ರವಾಸಕ್ಕೆ, ವ್ಯಾನಿನ ಮುಂಭಾಗದ ಹಿಂದೆ ವಾಸದ ಕೋಣೆ ಜೋಡಿಸಿದ, 25 ಅಡಿ ಆಸುಪಾಸಿನ ಕ್ಲಾಸ್ ಸಿ ಮೋಟರ್‌ಹೋಮ್ ಸೂಕ್ತ: ನಾಲ್ಕೈದು ಜನ ಮಲಗಬಹುದು, ಸಾಮಾನ್ಯ ಚಾಲನಾ ಪರವಾನಗಿ ಸಾಕು, ಮೇಲೆ ಹೇಳಿದ ಹೆಚ್ಚಿನ ಪಾರ್ಕುಗಳಲ್ಲಿ ಅದು ಹಿಡಿಸುತ್ತದೆ. ಇಬ್ಬರೇ ಹೋಗುವುದಾದರೆ ವ್ಯಾನಿನಂಥ ಕ್ಲಾಸ್ ಬಿ ಇನ್ನೂ ಸುಲಭ, ಪೆಟ್ರೋಲೂ ಉಳಿಯುತ್ತದೆ. ಬಸ್ಸಿನಂಥ ಕ್ಲಾಸ್ ಎ ಯಾರಿಗೆ ಎಂದು ಕೇಳಿದರೆ, ಒಂದೇ ಜಾಗದಲ್ಲಿ ವಾರಗಟ್ಟಲೆ ಇರುವವರಿಗೆ. ಕರಾವಳಿಯ ಹಳೆಯ ಕ್ಯಾಂಪ್‌ಗ್ರೌಂಡುಗಳ ತಿರುವುಗಳು ಅದನ್ನು ಮನಸ್ಸಿನಲ್ಲಿಟ್ಟು ಮಾಡಿದವಲ್ಲ.

ಬಾಡಿಗೆಯ ದರಗಳನ್ನು ಹೋಲಿಸುವಾಗ ದಿನದ ದರವೊಂದನ್ನೇ ನೋಡಬೇಡಿ. ಮೈಲಿಗೆ ಇಷ್ಟು, ಜನರೇಟರಿನ ಗಂಟೆಗೆ ಇಷ್ಟು, ಹಾಸಿಗೆ ಪಾತ್ರೆಗಳಿಗೆ ಇಷ್ಟು, ಟ್ಯಾಂಕು ತೊಳೆಯದೆ ಮರಳಿಸಿದರೆ ಇಷ್ಟು ಎಂಬ ಸೇರಿಕೆಗಳು ಬೇರೆಬೇರೆ ಕಡೆ ಬೇರೆಬೇರೆಯಾಗಿರುತ್ತವೆ. ಕ್ಲಾಸ್ ಸಿ ವಾಹನ ಗ್ಯಾಲನ್ನಿಗೆ 8ರಿಂದ 12 ಮೈಲಿ ಓಡುವುದರಿಂದ ಸಾವಿರ ಮೈಲಿಯ ಪ್ರವಾಸಕ್ಕೆ ಸುಮಾರು 100 ಗ್ಯಾಲನ್ ಇಂಧನದ ಖರ್ಚನ್ನು ಹಿಡಿಯಬೇಕು. ವಾಹನವನ್ನು ಮರಳಿನ ಮೇಲೆ ಓಡಿಸಬಾರದು ಎಂಬ ಷರತ್ತು ಬಾಡಿಗೆ ಕರಾರಿನಲ್ಲಿದೆಯೇ, ನೆರಳಿಗೆಂದು ಹೊರಗೆ ಚಾಚುವ ಆನಿಂಗ್ ಎಂಬ ಪರದೆಗೆ ವಿಮೆ ಇದೆಯೇ ಎಂದೂ ಕೇಳಿಕೊಳ್ಳಿ. ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಏಳುವ ಮೊದಲು ಅದನ್ನು ಸುತ್ತಿಡದೆ ದಡಕ್ಕೆ ಹೋದವರು ಮರಳಿ ಬಂದಾಗ ಅದು ಮುರಿದು ಚಾವಣಿಯ ಮೇಲೆ ಬಿದ್ದಿರುವುದು ಅಪರೂಪದ ಸಂಗತಿಯೇನಲ್ಲ, ಹೆಚ್ಚಿನ ವಿಮೆಗಳು ಅದನ್ನು ಚಾಲಕನ ಅಜಾಗರೂಕತೆಯೆಂದೇ ಲೆಕ್ಕ ಹಾಕುತ್ತವೆ.